ಕಾಯಿಲೆ ಬೀಳದವರ ರೋಗನಿರೋಧಕ ಶಕ್ತಿ: ಕಪ್ಪುಹಲಗೆಯ ಒಂದು ವಾಕ್ಯವನ್ನು ಕುರಿತು

ಪ್ರೌಢಶಾಲೆಗಳಲ್ಲಿ ಆರೋಗ್ಯ ಮತ್ತು ರೋಗದ ಘಟಕವನ್ನು ಬೋಧಿಸಲು ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳ ಪಾಠ ಯೋಜನೆಗಳನ್ನು ತಿದ್ದುವಾಗ ಒಂದು ವಾಕ್ಯ ನನಗೆ ಪ್ರತಿ ವರ್ಷವೂ ಎದುರಾಗುತ್ತದೆ. “ಯಾರು ಪದೇ ಪದೇ ಕಾಯಿಲೆ ಬೀಳುವುದಿಲ್ಲವೋ ಅವರ ರೋಗನಿರೋಧಕ ಶಕ್ತಿ ಹೆಚ್ಚಾಗಿರುತ್ತದೆ.” ಕೆಲವರು ಇದನ್ನು ಕಪ್ಪುಹಲಗೆಯ ಸಾರಾಂಶದಲ್ಲಿ ಬರೆಯುತ್ತಾರೆ, ಕೆಲವರು ಮೌಲ್ಯಮಾಪನದ ಬಿಟ್ಟಸ್ಥಳ ತುಂಬಿಸುವ ಪ್ರಶ್ನೆಯಾಗಿ ಕೊಡುತ್ತಾರೆ. ಮಕ್ಕಳೂ ಸಂಶಯವಿಲ್ಲದೆ ಬರೆದುಕೊಳ್ಳುತ್ತಾರೆ. ಮನೆಯಲ್ಲಿ ಅವರು ಕೇಳುತ್ತ ಬಂದಿರುವ ಮಾತೂ ಇದೇ ಅಲ್ಲವೆ? ಗುಂಡುಕಲ್ಲಿನ ಹಾಗಿದ್ದಾನೆ, ಒಂದು ದಿನ ಮೂಗು ಸೋರಿದ್ದು ಕಂಡಿಲ್ಲ ಎಂದು ಒಬ್ಬ ಮಗನನ್ನು ಹೊಗಳುವ ತಾಯಿ, ಇನ್ನೊಬ್ಬನನ್ನು ಇದಕ್ಕೆ ಗಾಳಿ ಸೋಕಿದರೂ ಶೀತ ಎಂದು ಗೊಣಗುತ್ತಾಳೆ.

ಈ ವಾಕ್ಯ ಅರ್ಧ ಸರಿ ಇರುವುದೇ ಅದರ ತೊಂದರೆ. ಪೂರ್ತಿ ತಪ್ಪಾಗಿದ್ದರೆ ಯಾರಾದರೂ ತಿದ್ದುತ್ತಿದ್ದರು. ರೋಗನಿರೋಧಕ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡಿದರೆ ಹಲವು ರೋಗಗಳು ತಪ್ಪುತ್ತವೆ ಎಂಬುದು ನಿಜ. ಅದನ್ನು ತಿರುವಿ ಹಾಕಿ, ರೋಗ ಬಂದಿಲ್ಲವಾದ್ದರಿಂದ ವ್ಯವಸ್ಥೆ ಚೆನ್ನಾಗಿದೆ ಎನ್ನುವಾಗ ನಾವು ಬೇರೆಯೇ ಒಂದು ಮಾತನ್ನು ಹೇಳುತ್ತಿರುತ್ತೇವೆ. ಮಳೆ ಬಂದರೆ ಅಂಗಳ ನೆನೆಯುತ್ತದೆ. ಅಂಗಳ ನೆನೆದಿದೆ ಎಂದರೆ ಮಳೆಯೇ ಬಂದಿರಬೇಕೆ? ಬೆಳಿಗ್ಗೆ ಅಮ್ಮ ನೀರು ಚಿಮುಕಿಸಿ ರಂಗೋಲಿ ಹಾಕಿರಬಹುದು. ಈ ಉದಾಹರಣೆಯನ್ನು ಎಂಟನೇ ತರಗತಿಯ ಮಕ್ಕಳೂ ಒಂದೇ ನಿಮಿಷದಲ್ಲಿ ಹಿಡಿಯುತ್ತಾರೆ. ಆದ್ದರಿಂದ ತರಗತಿಯಲ್ಲಿ ಚರ್ಚೆಯನ್ನು ಇಲ್ಲಿಂದಲೇ ಶುರು ಮಾಡಬಹುದು: ಕಾಯಿಲೆ ಬಾರದೆ ಇರುವುದಕ್ಕೆ ಬೇರೆ ಯಾವ ಯಾವ ಕಾರಣಗಳಿರಬಹುದು?

ಮಕ್ಕಳ ಬಾಯಿಂದ ಮೊದಲು ಬರುವ ಉತ್ತರ, “ರೋಗ ಅವರ ಹತ್ತಿರ ಬಂದೇ ಇರಲಿಕ್ಕಿಲ್ಲ ಮೇಡಂ.” ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಇದಕ್ಕೆ ಜೊತೆಯಾಗಿ ಹೇಳಲು ನಾನು ಯಾವಾಗಲೂ ಆರಿಸಿಕೊಳ್ಳುವುದು ಫೆರೋ ದ್ವೀಪಗಳ ಸಂಗತಿ.

ಸ್ಕಾಟ್‌ಲೆಂಡಿಗೂ ಐಸ್‌ಲೆಂಡಿಗೂ ನಡುವೆ ಅಟ್ಲಾಂಟಿಕ್ ಸಾಗರದಲ್ಲಿರುವ ಈ ದ್ವೀಪಗಳು ಡೆನ್ಮಾರ್ಕಿಗೆ ಸೇರಿದವು. 1781ರಲ್ಲಿ ಅಲ್ಲಿ ದಡಾರ ಹರಡಿತ್ತು. ಆಮೇಲೆ ಹಡಗುಗಳ ಓಡಾಟ ಕಡಿಮೆಯಿದ್ದುದರಿಂದ ಅರವತ್ತೈದು ವರ್ಷ ದಡಾರ ಆ ಕಡೆ ಸುಳಿಯಲೇ ಇಲ್ಲ. 1846ರಲ್ಲಿ ಕೋಪನ್‌ಹೇಗನ್‌ನಿಂದ ಬಂದ ಒಬ್ಬನ ಮೂಲಕ ಅದು ಮತ್ತೆ ಕಾಲಿಟ್ಟಿತು. ಸುಮಾರು 7,800 ಜನರಿದ್ದ ದ್ವೀಪಗಳಲ್ಲಿ ಕೆಲವೇ ತಿಂಗಳಲ್ಲಿ ಆರು ಸಾವಿರದಷ್ಟು ಮಂದಿ ಹಾಸಿಗೆ ಹಿಡಿದರು. ಅದನ್ನು ಪರಿಶೀಲಿಸಲು ಡೆನ್ಮಾರ್ಕ್ ಸರ್ಕಾರ ಕಳಿಸಿದವರಲ್ಲಿ ಪೀಟರ್ ಪಾನುಮ್ ಎಂಬ ಇಪ್ಪತ್ತೈದರ ತರುಣ ವೈದ್ಯ ಒಬ್ಬ. ಅವನು ಮನೆಮನೆಗೆ ಹೋಗಿ ಯಾರಿಗೆ ಯಾವ ದಿನ ಜ್ವರ ಬಂತು, ಯಾರಿಂದ ಬಂತು, ಯಾರಿಗೆ ಬರಲಿಲ್ಲ ಎಂದು ಬರೆದುಕೊಂಡ. ಆಗ ವೈರಸ್ ಎಂಬ ಕಲ್ಪನೆಯೇ ಇರಲಿಲ್ಲ.

ಈಗ ಮಕ್ಕಳ ಮುಂದೆ ಇಡಬೇಕಾದ ಪ್ರಶ್ನೆ ಇದು. 1845ರಲ್ಲಿ ನಲವತ್ತು ವರ್ಷದ ಒಬ್ಬ ಫೆರೋ ರೈತ, “ನನ್ನ ಜನ್ಮದಲ್ಲೇ ದಡಾರ ಬಂದಿಲ್ಲ, ನನ್ನ ಮೈ ಅಷ್ಟು ಗಟ್ಟಿ” ಎಂದು ಹೇಳಿದ್ದರೆ ಅದನ್ನು ಒಪ್ಪಬಹುದಿತ್ತೆ? ಮರುವರ್ಷವೇ ಅವನ ಮಾತಿಗೆ ಉತ್ತರ ಸಿಕ್ಕಿತು. ಅವನ ಮೈ ಗಟ್ಟಿಯೋ ಸಡಿಲವೋ ಎಂಬುದು ಆ ನಲವತ್ತು ವರ್ಷ ಪರೀಕ್ಷೆಗೇ ಒಳಗಾಗಿರಲಿಲ್ಲ.

ಪಾನುಮ್ ಕಂಡುಕೊಂಡ ಇನ್ನೊಂದು ಸಂಗತಿ ನಮ್ಮ ಪಾಠಕ್ಕೆ ಇದಕ್ಕಿಂತ ಮುಖ್ಯ. ದ್ವೀಪದಲ್ಲಿ ಹಣ್ಣುಹಣ್ಣು ಮುದುಕರು ಕೆಲವರಿದ್ದರು. ಅವರಲ್ಲಿ 1781ರಲ್ಲಿ ಚಿಕ್ಕವರಿದ್ದಾಗ ದಡಾರ ಬಂದು ಹೋಗಿದ್ದವರಿಗೆ 1846ರಲ್ಲಿ ಅದು ಬರಲಿಲ್ಲ. ಅದೇ ವಯಸ್ಸಿನವರಾಗಿದ್ದು, ಬಾಲ್ಯದಲ್ಲಿ ಅದರಿಂದ ತಪ್ಪಿಸಿಕೊಂಡಿದ್ದ ಮುದುಕರಿಗೆ ಬಂತು. ಹೊಲದಲ್ಲಿ ಗೇಯುವ ಕಟ್ಟುಮಸ್ತಾದ ಯುವಕರೂ ಮಲಗಿದರು. ಎಪ್ಪತ್ತರ ಆಚೆ ಈಚೆಯ, ಕೋಲೂರಿ ನಡೆಯುವ ಅಜ್ಜಿ ಓಡಾಡಿಕೊಂಡಿದ್ದಳು. ರೋಗನಿರೋಧಕ ಶಕ್ತಿ ಎಂಬುದು ಮೈಕಟ್ಟಿನ ಹಾಗೆ ಒಂದೇ ಅಳತೆಯಲ್ಲಿ ಹೆಚ್ಚು ಕಡಿಮೆ ಆಗುವ ಗುಣವಲ್ಲ, ಅದು ಒಂದೊಂದು ರೋಗಾಣುವಿಗೂ ಬೇರೆ ಬೇರೆಯಾಗಿ ಕಲಿತ ಪಾಠ ಎಂಬುದನ್ನು ತೋರಿಸಲು ಇದಕ್ಕಿಂತ ನೇರವಾದ ಉದಾಹರಣೆ ನನಗೆ ಸಿಕ್ಕಿಲ್ಲ. ನೆನಪಿನ ಕೋಶಗಳು, ಪ್ರತಿಕಾಯಗಳು ಎಂಬ ಪದಗಳನ್ನು ಇದಾದ ಮೇಲೆ ಪರಿಚಯಿಸಿದರೆ ಅವುಗಳಿಗೆ ಒಂದು ಆಧಾರವಿರುತ್ತದೆ. ಮೊದಲೇ ವ್ಯಾಖ್ಯೆ ಬರೆಸಿದರೆ ಮಕ್ಕಳು ಬಾಯಿಪಾಠ ಮಾಡುತ್ತಾರೆ, ಅಷ್ಟೆ.

ದೂರದ ದ್ವೀಪ ಬೇಡ, ಹತ್ತಿರದ್ದು ಬೇಕು ಎನ್ನುವವರಿಗೆ ಮಂಗನ ಕಾಯಿಲೆ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಇದು ಉಣುಗಿನ ಕಡಿತದಿಂದ ಹರಡುತ್ತದೆ. ದರಗು ತರಲು, ದನ ಮೇಯಿಸಲು ಕಾಡಿಗೆ ಹೋಗುವವರಿಗೆ ಇದರ ಭಯ. ಬೆಂಗಳೂರಿನ ಹತ್ತನೇ ಮಹಡಿಯಲ್ಲಿ ಕೂತವರಿಗೆ ಇದು ಬಂದಿಲ್ಲವೆಂದು ಅವರ ಶಕ್ತಿಯನ್ನು ಹೊಗಳುವವರು ಯಾರೂ ಇಲ್ಲ. ನೆಗಡಿಯ ವಿಷಯಕ್ಕೆ ಬಂದಾಗ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ.

ತರಗತಿಯಲ್ಲಿ ಇದರ ಪರಿಣಾಮ ಏನು? ಎರಡು ಕೋಣೆಯ ಮನೆಯಲ್ಲಿ ಎಂಟು ಜನರ ಜೊತೆ ಮಲಗುವ, ತುಂಬಿದ ಬಸ್ಸಿನಲ್ಲಿ ನಿಂತು ಬರುವ, ಮನೆಯಲ್ಲಿ ಅಂಗನವಾಡಿಗೆ ಹೋಗುವ ತಮ್ಮ ತಂಗಿಯರಿರುವ ಮಗು ಹೆಚ್ಚು ಬಾರಿ ಕೆಮ್ಮುತ್ತದೆ. ಒಂದೇ ಮಗುವಿರುವ, ಸ್ವಂತ ವಾಹನದಲ್ಲಿ ಬರುವ ಮಗು ಕಡಿಮೆ ಕೆಮ್ಮುತ್ತದೆ. ಕಪ್ಪುಹಲಗೆಯ ಮೇಲಿನ ವಾಕ್ಯವನ್ನು ಓದಿದ ಮೊದಲನೆಯ ಮಗು ತನ್ನ ದೇಹದಲ್ಲೇ ಏನೋ ಕೊರತೆಯಿದೆ ಎಂದು ಅಂದುಕೊಳ್ಳುತ್ತದೆ. ಬಡತನದ ಲಕ್ಷಣವನ್ನು ನಾವು ಮಗುವಿನ ಮೈಯ ದೋಷವಾಗಿ ಹೇಳಿಕೊಟ್ಟಂತಾಯಿತು.

ಅಂದ ಹಾಗೆ, ಚಿಕ್ಕಂದಿನಲ್ಲಿ ಹೆಚ್ಚು ನೆಗಡಿ ಬರುವುದು ನಷ್ಟದ ಬಾಬತ್ತೇ ಎಂದೂ ಹೇಳಲಾಗದು. ಅಮೆರಿಕದ ಟಕ್ಸನ್ ನಗರದಲ್ಲಿ ಮಕ್ಕಳನ್ನು ಹುಟ್ಟಿದಾಗಿನಿಂದ ಹದಿಮೂರು ವರ್ಷದವರೆಗೆ ಗಮನಿಸುತ್ತ ಹೋದ ಅಧ್ಯಯನವೊಂದರ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ದೊಡ್ಡ ಶಿಶುಪಾಲನಾ ಕೇಂದ್ರಗಳಿಗೆ ಹೋದ ಮಕ್ಕಳಿಗೆ ಎರಡನೇ ವಯಸ್ಸಿನಲ್ಲಿ ನೆಗಡಿ ಹೆಚ್ಚು ಬಂತು, ಶಾಲೆಗೆ ಸೇರಿದ ವಯಸ್ಸಿನಲ್ಲಿ ಮನೆಯಲ್ಲೇ ಬೆಳೆದವರಿಗಿಂತ ಕಡಿಮೆ ಬಂತು, ಹದಿಮೂರರ ಹೊತ್ತಿಗೆ ವ್ಯತ್ಯಾಸವೇ ಉಳಿಯಲಿಲ್ಲ. ನೆಗಡಿ ತರುವ ವೈರಸ್‌ಗಳು ಇನ್ನೂರಕ್ಕೂ ಹೆಚ್ಚು. ಬೇಗ ಪರಿಚಯವಾದರೆ ಬೇಗ, ತಡವಾದರೆ ತಡ, ಅಂತೂ ಪರಿಚಯ ಆಗಲೇಬೇಕು.

ಅಜ್ಜನ ಉದಾಹರಣೆ

ಇಷ್ಟು ಹೇಳಿದ ಮೇಲೂ ಯಾರಾದರೂ ಒಬ್ಬ ಹುಡುಗ ಎದ್ದು ನಿಲ್ಲುತ್ತಾನೆ. “ಸರ್, ನಮ್ಮ ತಾತ ಎಂಬತ್ತು ವರ್ಷ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ರಾಗಿ ಮುದ್ದೆ ತಿಂದು ಬೆಳೆದ ಮೈ.” ಇಂಥ ತಾತ ಪ್ರತಿ ತರಗತಿಯಲ್ಲೂ ಒಬ್ಬರಿದ್ದಾರೆ. ನಮ್ಮ ಪ್ರಶಿಕ್ಷಣಾರ್ಥಿಗಳು ಇಲ್ಲಿ ತಬ್ಬಿಬ್ಬಾಗುವುದನ್ನು ಕಂಡಿದ್ದೇನೆ, ಏಕೆಂದರೆ ಹುಡುಗನ ಅಭಿಮಾನಕ್ಕೆ ನೋವಾಗದಂತೆ ಉತ್ತರ ಕೊಡಬೇಕು.

ಒಂದು ದಾರಿಯಿದೆ. “ನಿಮ್ಮ ತಾತನಿಗೆ ಅಣ್ಣ ತಮ್ಮ, ಅಕ್ಕ ತಂಗಿ ಎಷ್ಟು ಜನ ಇದ್ದರಂತೆ? ಮನೆಯಲ್ಲಿ ಕೇಳಿಕೊಂಡು ಬಾ” ಎಂದು ಹೇಳಿ. ಮರುದಿನ ಬರುವ ಉತ್ತರಗಳು ಸಾಮಾನ್ಯವಾಗಿ ಹೀಗಿರುತ್ತವೆ: ಒಂಬತ್ತು ಜನ ಹುಟ್ಟಿದ್ದರು, ಐದು ಜನ ಉಳಿದರು. ಅಥವಾ, ಏಳರಲ್ಲಿ ಮೂರು ಚಿಕ್ಕಂದಿನಲ್ಲೇ ಹೋದವು. ಅವರೂ ಅದೇ ಮುದ್ದೆ ತಿಂದವರು, ಅದೇ ಬಾವಿಯ ನೀರು ಕುಡಿದವರು. ಸ್ವಾತಂತ್ರ್ಯ ಬಂದ ಕಾಲದಲ್ಲಿ ನಮ್ಮ ದೇಶದ ಸರಾಸರಿ ಜೀವಿತಾವಧಿ 32 ವರ್ಷದ ಆಸುಪಾಸಿನಲ್ಲಿತ್ತು. ಸತ್ತುಹೋದ ಮಕ್ಕಳು ತರಗತಿಗೆ ಉದಾಹರಣೆಯಾಗಿ ಬರುವುದಿಲ್ಲ, ಉಳಿದ ತಾತ ಮಾತ್ರ ಬರುತ್ತಾರೆ. ಈ ಚಟುವಟಿಕೆ ಮಾಡುವಾಗ ದನಿ ತಗ್ಗಿರಲಿ. ಕೆಲವು ಮನೆಗಳಲ್ಲಿ ಈ ಲೆಕ್ಕ ಹಳೆಯದಲ್ಲ.

ತಾತನ ವಿಷಯದಲ್ಲಿ ಇನ್ನೊಂದು ಮಾತೂ ಇದೆ. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಸಲ ನೆಗಡಿ ಬರುವುದು ಸಹಜ. ದೊಡ್ಡವರಿಗೆ ಎರಡು ಮೂರು ಸಲ, ಅರವತ್ತು ದಾಟಿದವರಿಗೆ ಇನ್ನೂ ಕಡಿಮೆ. ಹಾಗಾದರೆ ವಯಸ್ಸಾದಂತೆ ರೋಗನಿರೋಧಕ ವ್ಯವಸ್ಥೆ ಬಲವಾಗುತ್ತದೆಯೆ? ವಾಸ್ತವ ಇದಕ್ಕೆ ತಿರುಗುಮುರುಗು. ಎದೆಗೂಡಿನಲ್ಲಿರುವ ಥೈಮಸ್ ಗ್ರಂಥಿ ಹರೆಯದಿಂದಲೇ ಕುಗ್ಗುತ್ತ ಹೋಗುತ್ತದೆ, ಹೊಸ ಟಿ ಕೋಶಗಳ ಹುಟ್ಟು ಕಡಿಮೆಯಾಗುತ್ತದೆ, ಲಸಿಕೆಗಳಿಗೂ ದೇಹ ಮೊದಲಿನಷ್ಟು ಚುರುಕಾಗಿ ಪ್ರತಿಕ್ರಿಯಿಸುವುದಿಲ್ಲ. ಇನ್‌ಫ್ಲುಯೆಂಜಾ, ನ್ಯುಮೋನಿಯಾಗಳಿಂದ ಸಾಯುವವರಲ್ಲಿ ಮುದುಕರೇ ಹೆಚ್ಚು. ಅಂದರೆ ನೆಗಡಿಯ ಎಣಿಕೆ ಕಡಿಮೆಯಾಗುತ್ತಿರುವ ಕಾಲದಲ್ಲೇ ವ್ಯವಸ್ಥೆ ದುರ್ಬಲವಾಗುತ್ತಿರುತ್ತದೆ. ತಾತ ಒಂದು ಜನ್ಮಕ್ಕಾಗುವಷ್ಟು ವೈರಸ್‌ಗಳನ್ನು ಆಗಲೇ ಕಂಡಿದ್ದಾರೆ, ಜೊತೆಗೆ ಜಗಲಿ ಬಿಟ್ಟು ಹೆಚ್ಚು ಓಡಾಡುವುದಿಲ್ಲ. ಕಪ್ಪುಹಲಗೆಯ ವಾಕ್ಯಕ್ಕೆ ಇದೊಂದೇ ಪ್ರತಿ-ಉದಾಹರಣೆ ಸಾಕು ಎನ್ನಿಸುತ್ತದೆ ನನಗೆ.

ಸೋಂಕು ಬೇರೆ, ಕಾಯಿಲೆ ಬೇರೆ

ಮಕ್ಕಳ ಮನಸ್ಸಿನಲ್ಲಿ ಈ ಎರಡು ಪದಗಳು ಒಂದೇ ಆಗಿರುತ್ತವೆ. ನಮ್ಮ ಪ್ರಶಿಕ್ಷಣಾರ್ಥಿಗಳ ಮನಸ್ಸಿನಲ್ಲೂ ಎಷ್ಟೋ ಸಲ ಹಾಗೇ ಇರುತ್ತವೆ. ರೋಗಾಣು ಒಳಹೊಕ್ಕು ಬೆಳೆಯುವುದು ಸೋಂಕು. ಅದರಿಂದ ನಮಗೆ ಬಾಧೆಯಾಗುವುದು ಕಾಯಿಲೆ. ಮೊದಲನೆಯದು ಆಗಿ ಎರಡನೆಯದು ಆಗದೆ ಹೋಗುವುದು ಬಹಳ ಸಾಮಾನ್ಯ.

ಮೇರಿ ಮ್ಯಾಲನ್ ಎಂಬ ಅಡುಗೆಯವಳ ಕಥೆಯನ್ನು ಇಲ್ಲಿ ಹೇಳಬಹುದು. ಐರ್ಲೆಂಡಿನಿಂದ ನ್ಯೂಯಾರ್ಕಿಗೆ ಬಂದು ಸಿರಿವಂತರ ಮನೆಗಳಲ್ಲಿ ಅಡುಗೆ ಮಾಡುತ್ತಿದ್ದ ಈಕೆ ಗಟ್ಟಿಮುಟ್ಟಾಗಿದ್ದಳು. 1906ರ ಬೇಸಿಗೆಯಲ್ಲಿ ಆಯ್ಸ್ಟರ್ ಬೇ ಎಂಬಲ್ಲಿ ಅವಳಿದ್ದ ಮನೆಯ ಹನ್ನೊಂದು ಜನರಲ್ಲಿ ಆರು ಮಂದಿಗೆ ಟೈಫಾಯಿಡ್ ಬಂತು. ಕಾರಣ ಹುಡುಕಿ ಹೊರಟ ಜಾರ್ಜ್ ಸೋಪರ್ ಎಂಬ ನೈರ್ಮಲ್ಯ ಎಂಜಿನಿಯರ್, ಅವಳು ಹಿಂದೆ ಕೆಲಸ ಮಾಡಿದ ಮನೆಗಳಲ್ಲೂ ಹೀಗೇ ಆಗಿದ್ದನ್ನು ಪತ್ತೆ ಹಚ್ಚಿದ. 1907ರಲ್ಲಿ ಅವಳ ಮಲವನ್ನು ಪರೀಕ್ಷಿಸಿದಾಗ ಟೈಫಾಯಿಡ್ ಬ್ಯಾಕ್ಟೀರಿಯಾ ತುಂಬಿತ್ತು. ತನಗೆ ಟೈಫಾಯಿಡ್ ಬಂದೇ ಇಲ್ಲ ಎಂದು ಅವಳು ಕೊನೆಯವರೆಗೂ ನಂಬಿದ್ದಳು, ಅವಳ ಅನುಭವದ ಮಟ್ಟಿಗೆ ಅದು ನಿಜವೂ ಹೌದು. 1910ರಲ್ಲಿ ಬಿಡುಗಡೆಯಾಗಿ, ಮತ್ತೆ ಅಡುಗೆ ಕೆಲಸಕ್ಕೆ ಸೇರಿ, 1915ರಲ್ಲಿ ಒಂದು ಹೆರಿಗೆ ಆಸ್ಪತ್ರೆಯಲ್ಲಿ ರೋಗ ಹರಡಿದ ಮೇಲೆ ಅವಳನ್ನು ನಾರ್ತ್ ಬ್ರದರ್ ದ್ವೀಪದಲ್ಲಿ ಇರಿಸಿದರು. 1938ರಲ್ಲಿ ಸಾಯುವವರೆಗೂ ಅಲ್ಲೇ. ಅಂಥ ಇತರ ವಾಹಕರೂ ನಗರದಲ್ಲಿದ್ದರು, ಅವರನ್ನು ಹೀಗೆ ಆಜೀವ ಕೂಡಿಹಾಕಲಿಲ್ಲ. ಬಡವಳು, ವಲಸೆ ಬಂದವಳು, ಒಂಟಿ ಹೆಂಗಸು ಎಂಬುದೂ ಇದರಲ್ಲಿ ಸೇರಿತ್ತು. ಸಮಾಜ ವಿಜ್ಞಾನದ ಸಹಪಾಠಿಗಳೊಂದಿಗೆ ಸೇರಿ ಒಂದು ಸಂಯೋಜಿತ ಪಾಠವನ್ನೇ ಮಾಡಬಹುದಾದ ಸಂಗತಿ ಇದು.

ಕ್ಷಯದ ವಿಷಯವೂ ಹಾಗೆಯೇ. ಜಗತ್ತಿನ ಸುಮಾರು ನಾಲ್ಕನೇ ಒಂದು ಭಾಗದಷ್ಟು ಜನಕ್ಕೆ ಕ್ಷಯದ ಸೋಂಕು ತಗುಲಿದೆ ಎಂಬುದು ಅಂದಾಜು, ಅವರಲ್ಲಿ ಜೀವಮಾನದಲ್ಲಿ ರೋಗಿಗಳಾಗುವವರು ನೂರಕ್ಕೆ ಐದರಿಂದ ಹತ್ತು. ಉಳಿದವರ ಶ್ವಾಸಕೋಶದಲ್ಲಿ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಾಗಳನ್ನು ಸುತ್ತುವರಿದು ಗೋಡೆ ಕಟ್ಟಿ ಇರಿಸಿರುತ್ತವೆ. ಇದು ಕಪ್ಪುಹಲಗೆಯ ವಾಕ್ಯದ ಪರವಾದ ಸಾಕ್ಷ್ಯ ಎಂದು ಹೇಳಬೇಕು: ಇಲ್ಲಿ ಕಾಯಿಲೆ ಬೀಳದಿರುವುದು ರೋಗನಿರೋಧಕ ವ್ಯವಸ್ಥೆಯ ಕೆಲಸವೇ.

ಆದರೆ ಎಚ್‌ಐವಿಯನ್ನು ಇದರ ಪಕ್ಕಕ್ಕೆ ಇಟ್ಟು ನೋಡಿ. ಸೋಂಕು ತಗುಲಿದ ಮೇಲೆ ಚಿಕಿತ್ಸೆಯಿಲ್ಲದಿದ್ದರೂ ಎಷ್ಟೋ ಜನ ಎಂಟು ಹತ್ತು ವರ್ಷ ಹೇಳಿಕೊಳ್ಳುವಂಥ ಕಾಯಿಲೆಯಿಲ್ಲದೆ ಓಡಾಡಿಕೊಂಡಿರುತ್ತಾರೆ. ಆ ವರ್ಷಗಳಲ್ಲೇ ವೈರಸ್ ಅವರ ಸಿಡಿ4 ಕೋಶಗಳನ್ನು ಒಂದೊಂದಾಗಿ ಕೊಲ್ಲುತ್ತಿರುತ್ತದೆ. ಹೊರಗಿನಿಂದ ನೋಡಿದರೆ ಕ್ಷಯವನ್ನು ಕಟ್ಟಿಹಾಕಿದವನೂ ಎಚ್‌ಐವಿ ಸೋಂಕಿತನೂ ಒಂದೇ ರೀತಿ ಆರೋಗ್ಯವಂತರು. ಒಬ್ಬನ ವ್ಯವಸ್ಥೆ ಗೆಲ್ಲುತ್ತಿದೆ, ಇನ್ನೊಬ್ಬನದು ಕುಸಿಯುತ್ತಿದೆ.

ಕೋವಿಡ್ ಕಾಲ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ನೆನಪಿದೆ. 2021ರ ಜೂನ್–ಜುಲೈನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ನಾಲ್ಕನೇ ರಾಷ್ಟ್ರೀಯ ಸಮೀಕ್ಷೆಯಲ್ಲಿ ಆರು ವರ್ಷ ಮೀರಿದವರ ಪೈಕಿ ಶೇ. 67.6ರಷ್ಟು ಜನರ ರಕ್ತದಲ್ಲಿ ಪ್ರತಿಕಾಯಗಳು ಸಿಕ್ಕವು. ಲಸಿಕೆ ಹಾಕಿಸಿಕೊಳ್ಳದವರನ್ನೇ ತೆಗೆದುಕೊಂಡರೂ ಅದು ಶೇ. 60ಕ್ಕಿಂತ ಮೇಲಿತ್ತು. ಅದೇ ಹೊತ್ತಿಗೆ ಪರೀಕ್ಷೆಯಿಂದ ದೃಢಪಟ್ಟಿದ್ದ ಪ್ರಕರಣಗಳು ಸುಮಾರು ಮೂರು ಕೋಟಿ. ನೂರ ಮೂವತ್ತು ಕೋಟಿ ಮೀರಿದ ದೇಶದಲ್ಲಿ ಇವೆರಡನ್ನು ತೂಗಿ ನೋಡಿ ಎಂದು ಮಕ್ಕಳಿಗೆ ಲೆಕ್ಕ ಕೊಡಬಹುದು. ವ್ಯತ್ಯಾಸಕ್ಕೆಲ್ಲ ಲಕ್ಷಣರಹಿತ ಸೋಂಕೇ ಕಾರಣವಲ್ಲ, ಜ್ವರ ಬಂದರೂ ಪರೀಕ್ಷೆಗೆ ಹೋಗದವರು ಎಷ್ಟೋ ಮಂದಿ. ಆದರೂ “ನನಗೆ ಕೊರೊನಾ ಬರಲೇ ಇಲ್ಲ” ಎಂದು ಎದೆ ತಟ್ಟಿಕೊಂಡವರಲ್ಲಿ ಬಹಳ ಜನಕ್ಕೆ ಅದು ಬಂದು ಹೋಗಿತ್ತು, ಕೆಲವರು ಗೊತ್ತಿಲ್ಲದೆ ಮನೆಯ ಹಿರಿಯರಿಗೆ ದಾಟಿಸಿಯೂ ಇದ್ದರು.

ಮೂಗು ಸೋರುವುದು ಯಾರ ಕೆಲಸ?

ಪಾಠ ವೀಕ್ಷಣೆಯಲ್ಲಿ ನಾನು ಕೇಳುವ ನೆಚ್ಚಿನ ಪ್ರಶ್ನೆ ಇದು. ಎಲ್ಲರೂ ವೈರಸ್ಸಿನದು ಎನ್ನುತ್ತಾರೆ. ಸಾಮಾನ್ಯ ನೆಗಡಿಯ ರೈನೋವೈರಸ್ ಮೂಗಿನ ಒಳಪದರಕ್ಕೆ ಮಾಡುವ ಹಾನಿ ಅತ್ಯಲ್ಪ. ರಕ್ತನಾಳಗಳು ಹಿಗ್ಗುವುದು, ಪದರ ಊದಿಕೊಳ್ಳುವುದು, ಸಿಂಬಳ ಸುರಿಯುವುದು, ಸೀನು, ಗಂಟಲು ಕೆರೆತ ಇವೆಲ್ಲ ಹೆಚ್ಚಾಗಿ ನಮ್ಮ ರೋಗನಿರೋಧಕ ವ್ಯವಸ್ಥೆಯೇ ಬಿಡುಗಡೆ ಮಾಡುವ ರಾಸಾಯನಿಕಗಳ ಪರಿಣಾಮ. ಜ್ವರವೂ ಹಾಗೆಯೇ: ಬಿಳಿ ರಕ್ತಕಣಗಳು ಕಳಿಸುವ ಸಂದೇಶದ ಮೇರೆಗೆ ಮೆದುಳಿನ ಹೈಪೋಥಲಾಮಸ್ ದೇಹದ ಉಷ್ಣತೆಯನ್ನು ಮೇಲಕ್ಕೆ ಏರಿಸುತ್ತದೆ. ಹಾಗಾಗಿ ಮೂಗು ಸೋರುತ್ತಿರುವ ಮಗುವನ್ನು ತೋರಿಸಿ ಇವನ ಶಕ್ತಿ ಕಡಿಮೆ ಎನ್ನುವುದು, ಬೆಂಕಿ ಆರಿಸುತ್ತಿರುವ ಅಗ್ನಿಶಾಮಕ ವಾಹನವನ್ನು ತೋರಿಸಿ ಈ ಊರಿನಲ್ಲಿ ಅಗ್ನಿಶಾಮಕ ದಳವೇ ಇಲ್ಲ ಎಂದಂತೆ.

ಒಂದೇ ವೈರಸ್ಸನ್ನು ಎಲ್ಲರ ಮೂಗಿಗೂ ಹನಿ ಹಾಕಿದರೆ ಏನಾಗುತ್ತದೆ? ಇದನ್ನೂ ಮಾಡಿ ನೋಡಿದ್ದಾರೆ. ಇಂಗ್ಲೆಂಡಿನ ಸಾಲ್ಸ್‌ಬರಿ ಬಳಿ 1946ರಲ್ಲಿ ಶುರುವಾದ ನೆಗಡಿ ಸಂಶೋಧನಾ ಘಟಕಕ್ಕೆ ಸಾವಿರಾರು ಸ್ವಯಂಸೇವಕರು ಬಂದು ಹತ್ತು ದಿನ ಉಳಿದು ಹೋಗುತ್ತಿದ್ದರು. ಅಲ್ಲಿನ 394 ಜನರ ಮೇಲೆ ಶೆಲ್ಡನ್ ಕೋಹೆನ್ ಮತ್ತು ಸಂಗಡಿಗರು ಮಾಡಿದ ಪ್ರಯೋಗ 1991ರಲ್ಲಿ ಪ್ರಕಟವಾಯಿತು. ಮನಸ್ಸಿನ ಒತ್ತಡ ಅತಿ ಕಡಿಮೆ ಇದ್ದವರಿಂದ ಅತಿ ಹೆಚ್ಚು ಇದ್ದವರವರೆಗೆ ಸೋಂಕಿನ ಪ್ರಮಾಣ ಸುಮಾರು ಶೇ. 74ರಿಂದ 90ಕ್ಕೆ ಏರಿತು, ನೆಗಡಿಯಾಗಿ ಕಾಣಿಸಿಕೊಂಡ ಪ್ರಮಾಣ ಶೇ. 27ರಿಂದ 47ಕ್ಕೆ. ಮೂಗಿಗೇ ವೈರಸ್ ಬಿಟ್ಟರೂ ಅರ್ಧಕ್ಕಿಂತ ಹೆಚ್ಚು ಜನಕ್ಕೆ ನೆಗಡಿ ಆಗಲಿಲ್ಲ! ಅದೇ ಕೋಹೆನ್ ತಂಡ 2015ರಲ್ಲಿ ಅಮೆರಿಕದಲ್ಲಿ 164 ಜನರ ನಿದ್ದೆಯನ್ನು ಮಣಿಕಟ್ಟಿನ ಯಂತ್ರದಿಂದ ಒಂದು ವಾರ ಅಳೆದು, ಆಮೇಲೆ ರೈನೋವೈರಸ್ ಹನಿ ಹಾಕಿತು. ಆರು ಗಂಟೆಗಿಂತ ಕಡಿಮೆ ಮಲಗುವವರಿಗೆ ನೆಗಡಿಯಾಗುವ ಸಂಭವ, ಏಳು ಗಂಟೆಗಿಂತ ಹೆಚ್ಚು ಮಲಗುವವರಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾಗಿತ್ತು. ಪರೀಕ್ಷೆಯ ಹಿಂದಿನ ವಾರ ರಾತ್ರಿಯೆಲ್ಲ ಓದುವ ನಮ್ಮ ಪ್ರಶಿಕ್ಷಣಾರ್ಥಿಗಳು ಇದನ್ನು ತಮಗೂ ಅನ್ವಯಿಸಿಕೊಳ್ಳಬಹುದು.

ಈ ಪ್ರಯೋಗಗಳು ಹೇಳುವುದು ಏನೆಂದರೆ, ವೈರಸ್ಸಿನ ಸಂಪರ್ಕ ಸಮನಾಗಿದ್ದಾಗ ಯಾರು ಕಾಯಿಲೆ ಬೀಳುತ್ತಾರೆ ಎಂಬುದರಲ್ಲಿ ದೇಹದ ಸ್ಥಿತಿಗೆ ಪಾತ್ರವಿದೆ. ಆದ್ದರಿಂದ ಕಪ್ಪುಹಲಗೆಯ ವಾಕ್ಯವನ್ನು ಪೂರ್ತಿ ಅಳಿಸಬೇಕಿಲ್ಲ. ಒಂದೇ ಹಾಸ್ಟೆಲ್, ಒಂದೇ ಊಟ, ಒಂದೇ ಲಸಿಕೆ ಇರುವ ಇಬ್ಬರಲ್ಲಿ ಒಬ್ಬನಿಗೆ ಬಂದು ಇನ್ನೊಬ್ಬನಿಗೆ ಬಾರದಿದ್ದರೆ ಅದಕ್ಕೆ ಏನೋ ಅರ್ಥವಿರಬಹುದು. ನಮ್ಮ ತರಗತಿಯ ಮಕ್ಕಳು ಅಂಥ ಇಬ್ಬರಲ್ಲ.

“ಹೆಚ್ಚು ಶಕ್ತಿ” ಎಂಬ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ಹೂವಿನ ಪರಾಗಕ್ಕೆ, ಧೂಳಿಗೆ ಮೈಮೇಲೆ ಬಿದ್ದಂತೆ ಎಗರಾಡುವ ರೋಗನಿರೋಧಕ ವ್ಯವಸ್ಥೆ ಅಲರ್ಜಿಯನ್ನು, ಉಬ್ಬಸವನ್ನು ತರುತ್ತದೆ. ಸ್ವಂತ ಕೀಲುಗಳ ಮೇಲೆ ತಿರುಗಿಬಿದ್ದರೆ ರುಮಟಾಯ್ಡ್ ಸಂಧಿವಾತ, ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ಬಿದ್ದರೆ ಮಕ್ಕಳಲ್ಲೂ ಕಾಣುವ ಒಂದನೇ ವಿಧದ ಮಧುಮೇಹ. ಕೋವಿಡ್‌ನಲ್ಲಿ ಕೆಲವರ ಪ್ರಾಣ ಹೋಗಿದ್ದಕ್ಕೆ ವೈರಸ್ಸಿನಷ್ಟೇ ದೇಹದ ಅತಿಯಾದ ಪ್ರತಿಕ್ರಿಯೆಯೂ ಕಾರಣವಾಗಿತ್ತು. ರೋಗನಿರೋಧಕ ಶಕ್ತಿಯನ್ನು “ಏರಿಸುವ” ಪುಡಿ, ಪಾನಕ, ಕಷಾಯಗಳ ಜಾಹೀರಾತುಗಳನ್ನು ತರಗತಿಗೆ ತರಿಸಿ, ಏರಿಸುವುದು ಅಂದರೆ ಏನನ್ನು, ಅಳೆದವರು ಯಾರು, ಹೇಗೆ ಎಂದು ಕೇಳುವ ಒಂದು ಚಟುವಟಿಕೆಯನ್ನು ನಾನು ಶಿಫಾರಸು ಮಾಡುತ್ತೇನೆ. ಮಕ್ಕಳು ಚೆನ್ನಾಗಿ ಕೇಳುತ್ತಾರೆ.

ನಾನು ಈ ಲೇಖನ ಬರೆಯಲು ನಿಜವಾದ ಕಾರಣ ಧನುರ್ವಾಯು. ಹತ್ತು ಮತ್ತು ಹದಿನಾರು ವರ್ಷದ ಮಕ್ಕಳಿಗೆ ಧನುರ್ವಾಯು ಮತ್ತು ಗಂಟಲುಮಾರಿಯ ವಿರುದ್ಧ ಟಿಡಿ ಲಸಿಕೆ ಕೊಡುವುದು ರಾಷ್ಟ್ರೀಯ ಲಸಿಕಾ ಕಾರ್ಯಕ್ರಮದ ಭಾಗ. ನಮ್ಮ ಬೋಧನಾಭ್ಯಾಸದ ಶಾಲೆಯೊಂದರಲ್ಲಿ ಸಿಸ್ಟರ್ ಲಸಿಕೆಯ ಪೆಟ್ಟಿಗೆ ಹಿಡಿದು ಬಂದ ದಿನ ನಾನೂ ವೀಕ್ಷಣೆಗೆ ಹೋಗಿದ್ದೆ. ಹತ್ತನೇ ತರಗತಿಯ ಒಬ್ಬ ಹುಡುಗ ತೋಳು ಕೊಡಲು ಒಪ್ಪಲಿಲ್ಲ. ಪ್ರಶಿಕ್ಷಣಾರ್ಥಿ ಪುಸಲಾಯಿಸಲು ಹೋದಾಗ ಅವನು ಹೇಳಿದ್ದು: “ನನಗೆ ಯಾವತ್ತೂ ಕಾಯಿಲೆ ಬರಲ್ಲ ಸರ್. ಅಂಥವರಿಗೆ ಶಕ್ತಿ ಜಾಸ್ತಿ ಅಂತ ನೀವೇ ಮೊನ್ನೆ ಬರೆಸಿದ್ರಲ್ಲ.” ಹುಡುಗನ ನೋಟ್‌ಬುಕ್ಕಿನಲ್ಲಿ ಆ ವಾಕ್ಯ ಕೆಂಪು ಶಾಯಿಯ ಅಡಿಗೆರೆಯೊಂದಿಗೆ ಇತ್ತು. ಪ್ರಶಿಕ್ಷಣಾರ್ಥಿಗೆ ಉತ್ತರ ತೋಚಲಿಲ್ಲ. ಹುಡುಗನ ತರ್ಕದಲ್ಲಿ ಲೋಪವಿರಲಿಲ್ಲ, ಅವನಿಗೆ ಕೊಟ್ಟ ವಾಕ್ಯದಲ್ಲಿತ್ತು. ಒಂದು ವಾರದ ಮೇಲೆ ಅವನ ತಾಯಿಯೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ಹಾಕಿಸಿದರಂತೆ.

ಧನುರ್ವಾಯುವಿನ ಬ್ಯಾಕ್ಟೀರಿಯಾದ ಬೀಜಕಣಗಳು ಮಣ್ಣಿನಲ್ಲಿ, ದನಕರುಗಳ ಸಗಣಿಯಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಆಳವಾದ ಗಾಯದೊಳಗೆ, ಆಮ್ಲಜನಕ ಸಿಗದ ಕಡೆ ಅವು ಮೊಳೆತು ವಿಷವನ್ನು ತಯಾರಿಸುತ್ತವೆ. ಆ ವಿಷ ಎಷ್ಟು ತೀಕ್ಷ್ಣ ಎಂದರೆ, ಮನುಷ್ಯನನ್ನು ಕೊಲ್ಲಲು ಬೇಕಾಗುವ ಪ್ರಮಾಣ ರೋಗನಿರೋಧಕ ವ್ಯವಸ್ಥೆಗೆ ಪಾಠ ಕಲಿಸಲು ಸಾಲುವುದಿಲ್ಲ. ಆದ್ದರಿಂದಲೇ ಧನುರ್ವಾಯು ಬಂದು ಬದುಕಿ ಉಳಿದವರಿಗೂ ಲಸಿಕೆ ಕೊಡುತ್ತಾರೆ. ಇಪ್ಪತ್ತು ವರ್ಷ ನೆಗಡಿಯೇ ಬಾರದ ಪೈಲ್ವಾನನಿಗೂ ಈ ವಿಷದ ವಿರುದ್ಧ ಪ್ರತಿಕಾಯ ತಾನಾಗಿ ಹುಟ್ಟುವುದಿಲ್ಲ. ನೇಗಿಲು ಹಿಡಿಯುವ, ಕೊಟ್ಟಿಗೆ ಗುಡಿಸುವ, ಬರಿಗಾಲಲ್ಲಿ ಕಬಡ್ಡಿ ಆಡುವ ಮಕ್ಕಳ ಮುಂದೆ ನಿಂತು ಪಾಠ ಮಾಡುವವರಿಗೆ ಇದು ಗೊತ್ತಿರಲೇಬೇಕು.

ಇನ್ನು ಪದೇ ಪದೇ ಕಾಯಿಲೆ ಬೀಳುವ ಮಗುವಿನ ವಿಷಯ. ಎಲ್ಲವನ್ನೂ ಸಹಜ ಎಂದು ತಳ್ಳಿಹಾಕುವುದೂ ಸರಿಯಲ್ಲ. ವರ್ಷಕ್ಕೆ ಏಳೆಂಟು ನೆಗಡಿ ಬಂದು ವಾರ ಹತ್ತು ದಿನದಲ್ಲಿ ಹೋಗುತ್ತಿದ್ದರೆ, ಮಗು ಬೆಳೆಯುತ್ತಿದ್ದರೆ, ಗಾಬರಿ ಬೇಡ. ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ನಾಲ್ಕಾರು ಸಲ ಕಿವಿ ಸೋರುವುದು, ಔಷಧಿ ಕೊಟ್ಟರೂ ತಿಂಗಳುಗಟ್ಟಲೆ ವಾಸಿಯಾಗದ ಸೋಂಕು, ಎತ್ತರ ತೂಕ ಏರದಿರುವುದು ಇವು ಕಂಡರೆ ಪೋಷಕರಿಗೆ ಹೇಳಿ ವೈದ್ಯರ ಬಳಿ ಕಳಿಸಬೇಕು. ಅಪೌಷ್ಟಿಕತೆ ಇದಕ್ಕೆ ನಮ್ಮ ಕಡೆ ಬಹು ಸಾಮಾನ್ಯ ಕಾರಣ, ಅಪರೂಪಕ್ಕೆ ಹುಟ್ಟಿನಿಂದ ಬಂದ ರೋಗನಿರೋಧಕ ಕೊರತೆಯೂ ಇರಬಹುದು. ಎಷ್ಟು ಸಲ ಎಂಬುದಕ್ಕಿಂತ ಎಷ್ಟು ತೀವ್ರ, ಎಷ್ಟು ದಿನ, ಎಂಥ ರೋಗಾಣು ಎಂಬುದು ಇಲ್ಲಿ ಮುಖ್ಯ.

ಪೂರ್ಣ ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿಯ ಬಗ್ಗೆ ನನಗೆ ಸಮಾಧಾನವಿಲ್ಲ. ಬಹುಮಾನ ಕೈತಪ್ಪೀತೆಂದು ಜ್ವರವಿದ್ದರೂ ಮಾತ್ರೆ ನುಂಗಿ ಬಂದು ಬೆಂಚಿನಲ್ಲಿ ತಲೆಯಿಟ್ಟು ಮಲಗುವ ಮಕ್ಕಳನ್ನು ಎಲ್ಲ ಶಿಕ್ಷಕರೂ ಕಂಡಿದ್ದಾರೆ. ಆ ಬೆಂಚಿನ ಉಳಿದವರೂ ಮರುವಾರ ಮಲಗುತ್ತಾರೆ. ಜ್ವರದ ರಜೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಈ ತೊಂದರೆ ಅರ್ಧ ಕಡಿಮೆಯಾಗುತ್ತದೆ. ಇದನ್ನು ತೀರ್ಮಾನಿಸುವವರು ಮುಖ್ಯ ಶಿಕ್ಷಕರು, ಪ್ರಶಿಕ್ಷಣಾರ್ಥಿಗಳು ವಿನಂತಿ ಮಾಡಬಹುದಷ್ಟೆ.

ಪಾಠ ಯೋಜನೆಯ ಬಗ್ಗೆ ಎರಡು ಮಾತು. ನಲವತ್ತು ನಿಮಿಷದ ಒಂದು ಅವಧಿಯಲ್ಲಿ ಇದೆಲ್ಲ ಹಿಡಿಸುವುದಿಲ್ಲ. ಮೊದಲ ದಿನ ನೆನೆದ ಅಂಗಳ, ಫೆರೋ, ಧನುರ್ವಾಯು ಇಷ್ಟನ್ನು ಇಟ್ಟುಕೊಳ್ಳಿ. ಮೇರಿಯ ಕಥೆ ಮತ್ತು ಕೋವಿಡ್ ಲೆಕ್ಕ ಎರಡನೇ ದಿನಕ್ಕೆ. ತಾತನ ಒಡಹುಟ್ಟಿದವರ ಪ್ರಶ್ನೆಯನ್ನು ಮನೆಗೆಲಸವಾಗಿ ಕೊಡಿ, ಹೇಳಲು ಇಷ್ಟವಿಲ್ಲದ ಮಗುವನ್ನು ಒತ್ತಾಯಿಸಬೇಡಿ. ಮೌಲ್ಯಮಾಪನಕ್ಕೆ ಬಿಟ್ಟಸ್ಥಳದ ಬದಲು ಈ ಪ್ರಶ್ನೆ ಕೊಡಬಹುದು: “ರಾಜು ಮೂರು ವರ್ಷದಿಂದ ಕಾಯಿಲೆ ಬಿದ್ದಿಲ್ಲ. ಇದಕ್ಕೆ ಇರಬಹುದಾದ ಕಾರಣಗಳಲ್ಲಿ ಮೂರನ್ನು ಬರೆಯಿರಿ. ಅವುಗಳಲ್ಲಿ ಯಾವುದು ನಿಜ ಎಂದು ತಿಳಿಯಲು ರಾಜುವನ್ನು ಏನೇನು ಕೇಳುತ್ತೀರಿ?” ಎರಡನೇ ಭಾಗಕ್ಕೆ ಹೆಚ್ಚು ಅಂಕವಿರಲಿ. ಅವನ ಮನೆಯಲ್ಲಿ ಎಷ್ಟು ಜನ, ಯಾವ ಯಾವ ಲಸಿಕೆ ಹಾಕಿಸಿದ್ದಾರೆ, ಎಷ್ಟು ಹೊತ್ತು ಮಲಗುತ್ತಾನೆ, ಜ್ವರ ಬಂದರೂ ಹೇಳದೆ ಶಾಲೆಗೆ ಬರುತ್ತಾನೆಯೇ ಎಂದು ಬರೆದ ಮಗುವಿಗೆ, ಪ್ರತಿಕಾಯದ ವ್ಯಾಖ್ಯೆ ಮರೆತಿದ್ದರೂ, ಪೂರ್ತಿ ಅಂಕ ಕೊಡಿ.